ಆ ಕೆಂಪು ಚೀಲ ನಿಮ್ಮ ಮನೆಯಲ್ಲಿ ಇದೆಯಾ?

ಮಾನ್ಯ ಸಂಪಾದಕರೇ,

ನಾನು ಉಡುಪಿಯ ಕುಂಜಿಬೆಟ್ಟಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು. 1991ರಲ್ಲಿ ಒಂದೇ ಮೆಷಿನ್ ಇಟ್ಟು ಶುರು ಮಾಡಿದ ಅಂಗಡಿ. ನಿಮ್ಮ ಪತ್ರಿಕೆ ದಿನವೂ ಓದುತ್ತೇನೆ, ಪತ್ರ ಬರೆಯುತ್ತಿರುವುದು ಮಾತ್ರ ಇದೇ ಮೊದಲು. ಸ್ವಲ್ಪ ಉದ್ದ ಆಗಿದೆ. ಸಾಧ್ಯವಾದರೆ ಕತ್ತರಿಸದೆ ಹಾಕಿ.

ಒಂದು ಪುಟ್ಟ ಬಟ್ಟೆಯ ಚೀಲ ಕಳೆದಿದೆ. ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವಷ್ಟು ಚಿಕ್ಕದು. ಒಳಗೆ ದುಡ್ಡಿಲ್ಲ, ಬಂಗಾರವಿಲ್ಲ, ಒಂದು ಹಿಡಿ ಅಲಸಂಡೆ ಕಾಳು ಇದೆ ಅಷ್ಟೆ. ಅದು ನನ್ನದಲ್ಲ. ಆದರೆ ಅದು ಕಳೆಯಲು ಕಾರಣ ನಾನು. ಅದಕ್ಕೇ ಈ ಪತ್ರ.

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಕಡೆಯ ಒಂದು ಶಾಲೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಇಟ್ಟಿದ್ದರು. ಶಾಲೆಯ ಹೆಸರು ಬರೆಯುವುದಿಲ್ಲ. ಅಲ್ಲಿನವರು ಬೇಕೆಂದು ಮಾಡಿದ ತಪ್ಪಲ್ಲ. ಮಕ್ಕಳು ಮನೆಮನೆಗೆ ಹೋಗಿ ಕೇಳಿದರು. ಒಬ್ಬರು ಚೆನ್ನೆಮಣೆ ಕೊಟ್ಟರು, ಒಬ್ಬರು ಸೇರು-ಪಾವು ಕೊಟ್ಟರು. ನಾನು ನಮ್ಮ ಅತ್ತೆಯ ಕಾಲದ ಕೈಮೆಷಿನ್ ಕೊಟ್ಟೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಪಕ್ಕದ ಬೀದಿಯ ಜಪಾನಕ್ಕನ ಹತ್ತಿರ ಇರುವ ಐದು ಚೀಲಗಳನ್ನೂ ಮಕ್ಕಳು ನೋಡಲಿ ಅಂತ ನನಗೆ ಆಸೆಯಾಯಿತು. ಅವರಿಗೆ ಕೊಡಲು ಮನಸ್ಸಿರಲಿಲ್ಲ. "ನೋಡಿ ವಾಪಸ್ ಕೊಡ್ತಾರೆ, ಅಲ್ವಾ?" ಎಂದು ಎರಡು ಸಲ ಕೇಳಿದರು. "ನಾನಿದ್ದೇನಲ್ಲ" ಎಂದೆ.

ಪ್ರದರ್ಶನ ಮೂರು ದಿನ. ನಾಲ್ಕನೆಯ ದಿನ ಡಬ್ಬಿ ನನ್ನ ಅಂಗಡಿಗೇ ವಾಪಸು ಬಂತು. ಮುಚ್ಚಳ ತೆಗೆದರೆ ಒಳಗೆ ನಾಲ್ಕೇ ಇದ್ದವು. ಕೆಂಪನೆಯದು ಇರಲಿಲ್ಲ. ಶಾಲೆಯವರು ಬೆಂಚು, ಕಪಾಟು ಎಲ್ಲ ಸರಿಸಿ ಹುಡುಕಿದರು. ನಾನೂ ಹೋಗಿ ಕಸದ ಗುಂಡಿಯವರೆಗೆ ನೋಡಿ ಬಂದೆ. ಸಿಗಲಿಲ್ಲ. ಆ ಡಬ್ಬಿ ಹಿಡಿದುಕೊಂಡು ಅವರ ಮನೆಯ ಗೇಟು ತೆಗೆದ ಸಂಜೆಯನ್ನು ನಾನು ಮರೆಯುವ ಹಾಗಿಲ್ಲ. ಅವರು ಬೈಯಲಿಲ್ಲ. ನಾಲ್ಕನ್ನೂ ಒಂದೊಂದಾಗಿ ಎತ್ತಿ ಮಡಿಲಲ್ಲಿಟ್ಟುಕೊಂಡರು. "ತಾಯಿಯೇ ಹೋಯಿತಾ" ಎಂದು ಮೆಲ್ಲನೆ ಹೇಳಿದರು.

ತಾಯಿ ಎಂದರೆ ಏನು ಅಂತ ಹೇಳಬೇಕು.

ಜಪಾನಿನಲ್ಲಿ ಹೆಣ್ಣುಮಕ್ಕಳು ಆಡುವ ಒಂದು ಆಟ ಇದೆ. ಒತೆದಾಮ ಎನ್ನುತ್ತಾರೆ. ನಮ್ಮ ಕಲ್ಲಾಟದ ಹಾಗೆಯೇ. ಐದು ಚೀಲ ಇರುತ್ತವೆ. ಒಂದನ್ನು ಮೇಲಕ್ಕೆ ಎಸೆದು, ಅದು ಕೆಳಗೆ ಬರುವಷ್ಟರಲ್ಲಿ ನೆಲದ ಮೇಲಿನದನ್ನು ಎತ್ತಿ, ಮೇಲಿನದನ್ನೂ ಹಿಡಿಯಬೇಕು. ಹಾಗೆ ಎಸೆಯುವ ಚೀಲಕ್ಕೆ ಒಯದಾಮ ಅಂತ ಹೆಸರು. ತಾಯಿ ಚೀಲ ಎಂದ ಹಾಗೆ. ಉಳಿದ ನಾಲ್ಕು ಮಕ್ಕಳು. ತಾಯಿಗೆ ಬೇರೆ ಬಣ್ಣ. ಅದಿಲ್ಲದಿದ್ದರೆ ಆಟವೇ ಇಲ್ಲ. ನಾವು ಚಿಕ್ಕವರಿದ್ದಾಗ ತೋಡಿನ ಬದಿಯಿಂದ ನುಣುಪಾದ ಐದು ಕಲ್ಲು ಆರಿಸಿ ತರುತ್ತಿದ್ದೆವು. ಅಲ್ಲಿ ಅಮ್ಮಂದಿರು ಹಳೆ ಬಟ್ಟೆಯ ತುಂಡಿನಲ್ಲಿ ಹೊಲಿದು ಕೊಡುತ್ತಾರೆ. ಒಳಗೆ ಅಜುಕಿ ಎಂಬ ಕೆಂಪು ಕಾಳು ತುಂಬುತ್ತಾರೆ. ನಮ್ಮ ಅಲಸಂಡೆಯ ಜಾತಿಯದ್ದೇ, ಇನ್ನೂ ಸಣ್ಣದು.

ಜಪಾನಕ್ಕ ಎಂದು ನಮ್ಮ ಬೀದಿಯವರು ಇಟ್ಟ ಹೆಸರು. ನಿಜವಾದ ಹೆಸರು ಹಾಕಬೇಡ ಎಂದಿದ್ದಾರೆ. ಅವರು ಹುಟ್ಟಿದ್ದು ಕೋಬೆ ಎಂಬ ಬಂದರಿನ ಊರಿನಲ್ಲಿ, 1956ರಲ್ಲಿ. ಗಂಡ ನಮ್ಮ ಉಡುಪಿಯವರೇ, ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. 1981ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದರು. ಆಗ ನಮ್ಮೂರಿಗೆ ರೈಲು ಇರಲಿಲ್ಲ. ಬೊಂಬಾಯಿಯಿಂದ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ ಕೂತು ಬಂದು ಇಳಿದರಂತೆ. ಜೂನ್ ತಿಂಗಳು, ಧೋ ಎಂದು ಮಳೆ. ಅವರ ಊರಿನಲ್ಲೂ ಜೂನ್‌ನಲ್ಲೇ ಮಳೆಗಾಲ. ಆದರೆ ಇಂಥ ಮಳೆಯನ್ನು ಹುಟ್ಟಿದ ಮೇಲೆ ಕಂಡಿರಲಿಲ್ಲ. "ಆಕಾಶ ಹರಿದು ಬಿದ್ದಿದೆ ಅಂತ ಹೆದರಿಕೆ ಆಗಿತ್ತು" ಎಂದು ಈಗಲೂ ಹೇಳುತ್ತಾರೆ.

ಕೈಯಲ್ಲಿ ಒಂದು ಸೂಟ್‌ಕೇಸ್. ಅದರೊಳಗೆ ಸೀರೆಯೂ ಅಲ್ಲ, ಕಿಮೊನೊವೂ ಅಲ್ಲ, ದಿನ ಉಡುವ ನಾಲ್ಕು ಬಟ್ಟೆ. ಮತ್ತೆ ಒಂದು ಟೀ ಪುಡಿಯ ತಗಡಿನ ಡಬ್ಬಿ. ಆ ಡಬ್ಬಿಯಲ್ಲಿ ಈ ಐದು ಚೀಲ.

ಅಷ್ಟು ದೂರ ಬರುವಾಗ ಯಾರಾದರೂ ಆಟದ ಚೀಲ ತರುತ್ತಾರಾ ಎಂದು ನಾನು ಒಮ್ಮೆ ಕೇಳಿದ್ದೆ. ಅವರು ಕೋಬೆಯ ಕಥೆ ಹೇಳಿದರು. ಬ್ರೆಜಿಲ್‌ಗೆ ವಲಸೆ ಹೋದ ಜಪಾನಿಯರ ಮೊದಲ ಹಡಗು ಹೊರಟದ್ದು ಅವರ ಊರಿನ ಬಂದರಿನಿಂದಲೇ. ಕಸಾತೊ ಮಾರು ಅಂತ ಅದರ ಹೆಸರು. 1908ರ ಏಪ್ರಿಲ್ 28ರಂದು 781 ಜನರನ್ನು ತುಂಬಿಕೊಂಡು ಹೊರಟದ್ದು, ಜೂನ್ 18ಕ್ಕೆ ಸಾಂತೊಸ್ ಬಂದರು ಮುಟ್ಟಿತು. ಎಲ್ಲರೂ ಕಾಫಿ ತೋಟದ ಕೆಲಸಕ್ಕೆ ಹೋದವರು. ನಾಲ್ಕು ಕಾಸು ಮಾಡಿಕೊಂಡು ಊರಿಗೆ ವಾಪಸಾಗೋಣ ಎಂದು ಹೋದವರೇ ಜಾಸ್ತಿ. ಅದರಲ್ಲಿ ತುಂಬಾ ಜನ ಅಲ್ಲೇ ಉಳಿದರು. ಈಗ ಜಪಾನಿನ ಹೊರಗೆ ಜಪಾನಿ ಮೂಲದವರು ಎಲ್ಲಕ್ಕಿಂತ ಹೆಚ್ಚು ಇರುವುದು ಬ್ರೆಜಿಲ್‌ನಲ್ಲೇ. ಹಾಗೆ ಹೊರಡುವವರು ತಂಗಲಿ ಎಂದು 1928ರಲ್ಲಿ ಕೋಬೆಯ ಗುಡ್ಡದ ಮೇಲೆ ಸರಕಾರವೇ ಒಂದು ದೊಡ್ಡ ಕಟ್ಟಡ ಕಟ್ಟಿಸಿತು. ಹಡಗು ಹತ್ತುವ ಮೊದಲು ಅಲ್ಲಿ ಕೆಲವು ದಿನ ಇಟ್ಟುಕೊಂಡು, ಆರೋಗ್ಯ ನೋಡಿ, ಒಂದೆರಡು ಪೋರ್ಚುಗೀಸ್ ಮಾತು ಕಲಿಸಿ ಕಳಿಸುತ್ತಿದ್ದರು. ಆ ಕಟ್ಟಡ ಈಗಲೂ ಇದೆ.

"ಅಲ್ಲಿಂದ ಹೋದವರು ದೊಡ್ಡದು ಏನೂ ಒಯ್ಯಲಿಲ್ಲ. ದೊಡ್ಡದನ್ನು ಒಯ್ದರೆ ಎಲ್ಲಿ ಇಡುವುದು ಅಂತ ಯೋಚನೆ. ಚಿಕ್ಕದಾದರೆ ಕೈಯಲ್ಲೇ ಇರುತ್ತದೆ" ಎಂದರು ಜಪಾನಕ್ಕ. ನನಗೆ ನಮ್ಮ ದೊಡ್ಡಪ್ಪನ ನೆನಪಾಯಿತು. ಅವರು ಬೊಂಬಾಯಿಯ ಹೋಟೆಲಿನಲ್ಲಿ ಕಪ್ಪು ತೊಳೆಯಲು ಹೋಗುವಾಗ ಮನೆಯಿಂದ ಒಯ್ದದ್ದು ಒಂದು ಹಿತ್ತಾಳೆಯ ಲೋಟ ಮಾತ್ರ.

ಇಲ್ಲಿಗೆ ಬಂದ ಮೊದಲ ವರ್ಷ ಅವರಿಗೆ ಮಾತು ಬರುತ್ತಿರಲಿಲ್ಲ. ಅತ್ತೆ ತುಳು, ಪಕ್ಕದ ಮನೆಯವರು ಕೊಂಕಣಿ, ಪೇಟೆಯಲ್ಲಿ ಕನ್ನಡ. ಯಾವುದು ಯಾವುದೆಂದೇ ಗೊತ್ತಾಗುತ್ತಿರಲಿಲ್ಲವಂತೆ. ಆಮೇಲೆ ಒಂದು ಸಂಗತಿ ಕಂಡಿತಂತೆ. ನಾವು ಮಾತಿನ ಕೊನೆಗೆ "ಅಲ್ವಾ" ಎನ್ನುವ ಹಾಗೆ ಜಪಾನಿಯಲ್ಲಿ "ನೆ" ಎನ್ನುತ್ತಾರೆ. ಕ್ರಿಯಾಪದವೂ ನಮ್ಮ ಹಾಗೆ ಕೊನೆಗೇ ಬರುತ್ತದೆ. ಇಂಗ್ಲಿಷಿಗಿಂತ ಕನ್ನಡ ಸುಲಭ ಎಂದು ಧೈರ್ಯ ಬಂದದ್ದು ಆವಾಗ. ಈಗ ಅವರ ತುಳು ಕೇಳಿದರೆ, ಮುಖ ನೋಡದಿದ್ದವರಿಗೆ ಹೊರಗಿನವರೆಂದು ತಿಳಿಯುವುದೇ ಇಲ್ಲ. ಮಲ್ಪೆಯಲ್ಲಿ ಬಂಗುಡೆಗೆ ಚೌಕಾಸಿ ಮಾಡುವುದನ್ನು ನಾನೇ ನಿಂತು ನೋಡಿದ್ದೇನೆ.

ಮತ್ತೆ ಗಂಜಿ. ಮದುವೆಯಾಗಿ ಬಂದ ಎರಡನೆಯ ವಾರ ಜ್ವರ ಬಂದು ಮಲಗಿದ್ದಾಗ ಅತ್ತೆ ಕುಚ್ಚಲಕ್ಕಿ ಗಂಜಿ, ಬದಿಯಲ್ಲಿ ಉಪ್ಪಿನಲ್ಲಿಟ್ಟ ಮಾವಿನಕಾಯಿಯ ಚೂರು ತಂದುಕೊಟ್ಟರಂತೆ. ಅವರ ಊರಿನಲ್ಲೂ ಜ್ವರ ಬಂದವರಿಗೆ ಗಂಜಿಯೇ, ಜೊತೆಗೆ ಉಪ್ಪು ಹಾಕಿ ಒಣಗಿಸಿದ ಹುಳಿ ಪ್ಲಮ್ ಹಣ್ಣು. ಆ ದಿನ ಬಟ್ಟಲು ಹಿಡಿದುಕೊಂಡು ಅತ್ತದ್ದನ್ನು ಅತ್ತೆ ತಪ್ಪು ತಿಳಿದು, ಖಾರ ಆಯಿತೇನೋ ಎಂದು ಬೆಲ್ಲ ತಂದರಂತೆ. ಆ ಅತ್ತೆ ಈಗಿಲ್ಲ. ಅವರ ಮಾತು ಬಂದಾಗಲೆಲ್ಲ ಜಪಾನಕ್ಕ ಈ ಬೆಲ್ಲದ ವಿಷಯ ಹೇಳದೆ ಬಿಡುವುದಿಲ್ಲ.

ಕಾಗದಪತ್ರದ ಓಡಾಟ ಮಾತ್ರ ಮುಗಿಯಲಿಲ್ಲ. ಜಪಾನಿನಲ್ಲಿ ಎರಡು ದೇಶದ ಪೌರತ್ವ ಇಟ್ಟುಕೊಳ್ಳುವ ಹಾಗಿಲ್ಲ. ಅವರು ತಮ್ಮದನ್ನು ಬಿಡಲಿಲ್ಲ. ಹಾಗಾಗಿ ವರ್ಷ ವರ್ಷ ನೋಂದಣಿ. 1997ರಲ್ಲಿ ಉಡುಪಿ ಬೇರೆ ಜಿಲ್ಲೆ ಆಗುವವರೆಗೆ ಅದಕ್ಕೂ ಮಂಗಳೂರಿಗೇ ಹೋಗಬೇಕಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆ. ಬರುವಾಗ ಹಂಪನಕಟ್ಟೆಯಿಂದ ನನಗೆ ದಾರದ ಉಂಡೆ ತಂದುಕೊಡುತ್ತಿದ್ದರು. ನಮ್ಮ ಗೆಳೆತನ ಬೆಳೆದದ್ದು ಹಾಗೆ.

1995ರ ಜನವರಿ 17. ಅವತ್ತು ಬೆಳಿಗ್ಗೆ ರೇಡಿಯೊ ವಾರ್ತೆಯಲ್ಲಿ ಕೋಬೆಯ ಹೆಸರು ಬಂತು. ಅಲ್ಲಿ ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ಭೂಕಂಪ. ನಮಗೆ ಆಗಿನ್ನೂ ನಡುರಾತ್ರಿ ಕಳೆದಿತ್ತಷ್ಟೆ, ಎಲ್ಲರೂ ಮಲಗಿದ್ದೆವು. ನನ್ನ ಅಂಗಡಿಯ ಪಕ್ಕದಲ್ಲಿ ಆಗ ಎಸ್‌ಟಿಡಿ-ಐಎಸ್‌ಡಿ ಬೂತ್ ಇತ್ತು. ಜಪಾನಕ್ಕ ಓಡಿ ಬಂದರು. ಗಂಡ ಹಡಗಿನಲ್ಲಿ, ಮಗಳು ಶಾಲೆಗೆ ಹೋಗುವ ಹುಡುಗಿ. ನಂಬರ್ ಒತ್ತುವುದು, ಇಡುವುದು, ಮತ್ತೆ ಒತ್ತುವುದು. ಲೈನು ಸಿಗಲಿಲ್ಲ. ನಾಲ್ಕು ದಿನ ಅವರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತರು. ಸುಮ್ನೆ ಕೂರಲು ಆಗದೆ ನಾನು ಹೊಲಿದ ಬ್ಲೌಸುಗಳಿಗೆಲ್ಲ ಹುಕ್ಕು ಹಾಕಿಕೊಟ್ಟರು. ಎಷ್ಟು ಬ್ಲೌಸ್ ಅಂತ ನಾನು ಲೆಕ್ಕ ಇಡಲಿಲ್ಲ.

ಅವರ ತಾಯಿ ಇದ್ದದ್ದು ಕೋಬೆಯ ನಗಾತ ಎಂಬ ಭಾಗದಲ್ಲಿ. ಒತ್ತೊತ್ತಾಗಿ ಮರದ ಮನೆಗಳು, ಮಧ್ಯೆ ಮಧ್ಯೆ ಚಪ್ಪಲಿ-ಬೂಟು ಹೊಲಿಯುವ ಸಣ್ಣ ಕಾರ್ಖಾನೆಗಳು. ತಾಯಿಯೂ ಅಂಥ ಒಂದು ಕಡೆ ಬೂಟಿನ ಮೇಲ್ಭಾಗ ಹೊಲಿಯುವ ಕೆಲಸ ಮಾಡಿದವರು. ನೆಲ ನಡುಗಿದ್ದಕ್ಕಿಂತ ಆಮೇಲೆ ಹತ್ತಿದ ಬೆಂಕಿಗೇ ಅಲ್ಲಿ ಹೆಚ್ಚು ಮನೆ ಹೋದವು. ನೀರಿನ ಪೈಪು ಒಡೆದು ಅಗ್ನಿಶಾಮಕದವರ ಕೈಗೆ ನೀರೇ ಸಿಗಲಿಲ್ಲ. ಆ ಭೂಕಂಪದಲ್ಲಿ ಒಟ್ಟು ಸತ್ತವರು 6,400ಕ್ಕೂ ಹೆಚ್ಚು. ಐದನೆಯ ದಿನ ಫೋನು ಸಿಕ್ಕಿತು. ತಾಯಿ ಬದುಕಿದ್ದರು, ಒಂದು ಶಾಲೆಯ ಹಾಲ್‌ನಲ್ಲಿ ನೂರಾರು ಜನರ ಜೊತೆ ಇದ್ದರು. ಮನೆ ಇರಲಿಲ್ಲ. ಬಟ್ಟೆಯ ಪೆಟ್ಟಿಗೆ, ಫೋಟೊ, ಗಂಡನ ನೆನಪಿನ ವಸ್ತು, ದೇವರ ಪೀಠ, ಒಂದೂ ಇರಲಿಲ್ಲ. ಎರಡು ತಿಂಗಳು ಕಳೆದು ಅವರ ಪತ್ರ ಬಂತು. ಜಪಾನಕ್ಕ ಅದನ್ನು ನನ್ನ ಎದುರೇ ಓದಿ ಕನ್ನಡದಲ್ಲಿ ಹೇಳಿದರು. "ನಿನ್ನ ಹತ್ತಿರ ಐದು ಚೀಲ ಇದೆಯಲ್ಲ, ನಿನ್ನ ಅಜ್ಜಿಯ ಬಟ್ಟೆ ಎಂದು ಇನ್ನು ಉಳಿದಿರುವುದು ಅದೊಂದೇ. ಒಣಗಿದ ಜಾಗದಲ್ಲಿ ಇಡು."

ಒಣಗಿದ ಜಾಗ! ಉಡುಪಿಯಲ್ಲಿ ಆಟಿ ತಿಂಗಳಿನಲ್ಲಿ ಒಣಗಿದ ಜಾಗ ಎಲ್ಲಿಂದ ತರುವುದು? ಗೋಡೆಗೇ ಬೂಸ್ಟು ಹಿಡಿಯುವ ಕಾಲ. ಜಪಾನಿನಲ್ಲಿ ಮಳೆಗಾಲ ಮುಗಿದ ಮೇಲೆ ಬಟ್ಟೆ, ಪುಸ್ತಕ ಎಲ್ಲ ಹೊರಗೆ ತೆಗೆದು ಗಾಳಿಗೆ ಹರಡುವ ಪದ್ಧತಿ ಇದೆ. ಮುಶಿಬೋಶಿ ಅಂತ ಹೆಸರು. ಹುಳ ಬಿಡಿಸಲು ಒಣಗಿಸುವುದು ಎಂದು ಅರ್ಥ. ಜಪಾನಕ್ಕ ನವರಾತ್ರಿ ಕಳೆದು ಆಕಾಶ ತಿಳಿಯಾದ ಮೇಲೆ ಪ್ರತಿ ವರ್ಷ ಮೊರದಲ್ಲಿ ಈ ಐದನ್ನು ಇಟ್ಟು, ಮೇಲೆ ತೆಳು ಬಟ್ಟೆ ಮುಚ್ಚಿ, ಚಾವಡಿಯ ನೆರಳಿನ ಗಾಳಿಗೆ ಇಡುತ್ತಾರೆ. ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ. ನಾನು ಇದನ್ನು 30 ವರ್ಷಗಳಿಂದ ನೋಡುತ್ತಿದ್ದೇನೆ. ಪ್ರದರ್ಶನಕ್ಕೆ ಕೊಡಿ ಎಂದು ಅವರನ್ನು ಒತ್ತಾಯ ಮಾಡಿದವಳೂ ನಾನೇ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಎಷ್ಟು ಜೋಪಾನ ಮಾಡಿದರೂ ಕಾಳಿಗೆ ಕುಟ್ಟೆ ಹುಳ ಬಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾಯಿತಲ್ಲ, ಆ ವರ್ಷದ ಕೊನೆಗೆ ಜಪಾನಕ್ಕನ ತಾಯಿ ಉಡುಪಿಗೆ ಬಂದರು. ಮುಂಬೈಯಿಂದ ಮಗಳ ಜೊತೆ ರೈಲಿನಲ್ಲಿ ಬಂದು ಇಂದ್ರಾಳಿಯಲ್ಲಿ ಇಳಿದರು. ಎರಡು ತಿಂಗಳು ಇದ್ದರು. ದಿನವೂ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು. ನನಗೆ ಅವರ ಮಾತು ಬಾರದು, ಅವರಿಗೆ ನನ್ನದು ಬಾರದು. ಆದರೆ ಇಬ್ಬರಿಗೂ ಸೂಜಿ ಗೊತ್ತಿತ್ತು.

ಅವರು ಬೆರಳಿನ ತುದಿಗೆ ಹಾಕುವ ನಮ್ಮ ಅಂಗುಸ್ತಾನದಂಥದ್ದು ಹಾಕುತ್ತಿರಲಿಲ್ಲ. ನಡುಬೆರಳಿನ ಗಂಟಿನ ಹತ್ತಿರ ಉಂಗುರದ ಹಾಗೆ ಒಂದು ಪಟ್ಟಿ. ಸೂಜಿಯ ಹಿಂಬದಿಯನ್ನು ಆ ಉಂಗುರಕ್ಕೆ ಒತ್ತಿ ಹಿಡಿಯುವುದು. ಆಮೇಲೆ ಸೂಜಿ ಅಲುಗುವುದೇ ಇಲ್ಲ. ಬಟ್ಟೆಯನ್ನೇ ಎರಡು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ ಸೂಜಿಗೆ ಉಣಿಸುತ್ತಾ ಹೋಗುವುದು. ಒಂದು ಗೇಣು ಹೊಲಿಗೆ ಆದ ಮೇಲೆ ಒಮ್ಮೆಗೇ ದಾರ ಎಳೆಯುವುದು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣ, ಎಲ್ಲವೂ ಒಂದೇ ಅಳತೆ.

ಹುಳ ಬಿದ್ದ ಚೀಲಗಳನ್ನು ಬಿಚ್ಚೋಣ ಎಂದು ಅವರೇ ಕೂತರು. ಅಜುಕಿ ಇಲ್ಲಿ ಸಿಗುವುದಿಲ್ಲ. ನಾನು ಕೆಂಪು ಅಲಸಂಡೆ ತಂದೆ, ಸಣ್ಣ ಕಾಳೇ ಆರಿಸಿದೆ. ಮತ್ತೆ ಹುಳ ಬೀಳದ ಹಾಗೆ ಕಾವಲಿಯಲ್ಲಿ ಸ್ವಲ್ಪ ಹುರಿದೆ. ಆ ಹುರಿದ ಕಾಳಿನ ಪರಿಮಳ ಬಂತು ನೋಡಿ, ಅಜ್ಜಿಯ ಕೈ ನಿಂತಿತು. ಮಗಳ ಹತ್ತಿರ ಏನೋ ಹೇಳತೊಡಗಿದರು. ತುಂಬಾ ಹೊತ್ತು ಹೇಳಿದರು. ಜಪಾನಕ್ಕನೂ ಆ ಕಥೆ ಕೇಳಿದ್ದು ಅವತ್ತೇ ಮೊದಲು.

ಯುದ್ಧದ ಕಾಲ, 1944. ಬಾಂಬು ಬೀಳುತ್ತದೆಂದು ದೊಡ್ಡ ಊರುಗಳ ಶಾಲೆಯ ಮಕ್ಕಳನ್ನು, ಮೂರನೆಯಿಂದ ಆರನೆಯ ತರಗತಿಯವರೆಗಿನವರನ್ನು, ಮೇಷ್ಟ್ರ ಜೊತೆ ಹಳ್ಳಿಗಳಿಗೆ ಕಳಿಸಿದರು. ಅಜ್ಜಿಗೆ ಆಗ ಹತ್ತು ವರ್ಷ. ಒಂದು ಗುಡಿಯಲ್ಲಿ ಮಕ್ಕಳೆಲ್ಲ ಮಲಗುತ್ತಿದ್ದರು. ಊಟ ಸಾಲುತ್ತಿರಲಿಲ್ಲ. ತಿಂಡಿ ಕಳಿಸಿದರೆ ಮಕ್ಕಳ ಕೈಗೆ ಕೊಡುತ್ತಿರಲಿಲ್ಲ. ಆದರೆ ಆಟದ ಸಾಮಾನು ಕೊಡುತ್ತಿದ್ದರು. ಹಾಗಾಗಿ ಅವರ ಅಮ್ಮ ಹುರಿದ ಸೋಯಾ ಕಾಳು ತುಂಬಿ ಒತೆದಾಮ ಹೊಲಿದು ಕಳಿಸಿದರು. ರಾತ್ರಿ ಹೊದಿಕೆಯ ಒಳಗೆ ಹಲ್ಲಿನಲ್ಲಿ ದಾರ ಕಡಿದು, ಒಂದೊಂದೇ ಕಾಳು ಬಾಯಲ್ಲಿಟ್ಟು ನೆನೆಸಿ ತಿಂದರಂತೆ. ಅಗಿದರೆ ಸದ್ದಾಗುತ್ತದೆ. ಖಾಲಿಯಾದ ಚೀಲಕ್ಕೆ ಹೊಳೆಯ ಬದಿಯ ಸಣ್ಣ ಕಲ್ಲು ತುಂಬಿ ಮತ್ತೆ ಹೊಲಿದರಂತೆ. ಅಜ್ಜಿ ಜೀವನದಲ್ಲಿ ಹೊಲಿದ ಮೊದಲ ಹೊಲಿಗೆ ಅದು.

ಯುದ್ಧ ಮುಗಿದ ಮೇಲೂ ಹಸಿವು ಮುಗಿಯಲಿಲ್ಲ. ಪೇಟೆಯವರು ಒಂದೊಂದೇ ಕಿಮೊನೊ ಒಯ್ದು ಹಳ್ಳಿಯಲ್ಲಿ ಕೊಟ್ಟು ಅಕ್ಕಿ ತರುತ್ತಿದ್ದರು. ಅದಕ್ಕೆ ಅವರು ಕಳಲೆಯ ಬದುಕು ಎನ್ನುತ್ತಾರಂತೆ. ಕಳಲೆಯ ಸಿಪ್ಪೆ ಒಂದೊಂದೇ ಸುಲಿದ ಹಾಗೆ ಮೈಮೇಲಿನ ಬಟ್ಟೆ ಒಂದೊಂದೇ ಹೋಗುವುದು. ಆಟಿಯಲ್ಲಿ ಕಳಲೆ ಸುಲಿದ ನಮ್ಮ ಕರಾವಳಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿಯ ಅಮ್ಮನ ಹತ್ತಿರ ಕೊನೆಗೆ ಉಳಿದದ್ದು ಒಂದು ಕೆಂಪು ಕಿಮೊನೊ. ತೋಳಿನ ಹತ್ತಿರ ಸವೆದಿತ್ತು, ಅಕ್ಕಿಗೆ ಯಾರೂ ತೆಗೆದುಕೊಳ್ಳಲಿಲ್ಲ. ಅದರ ಚೆನ್ನಾಗಿದ್ದ ಭಾಗ ಕತ್ತರಿಸಿ, 1963ರಲ್ಲಿ, ಅಜ್ಜಿ ತಮ್ಮ ಏಳು ವರ್ಷದ ಮಗಳಿಗೆ ತಾಯಿ ಚೀಲ ಹೊಲಿದರು. ಕಳೆದಿರುವುದು ಅದೇ.

ಅವತ್ತು ಐದನ್ನೂ ಮತ್ತೆ ತುಂಬಿ ಹೊಲಿದರು. ಕೆಂಪನೆಯದು ಕೊನೆಗೆ ಬಂತು. ಒಂದಿಂಚು ಬಾಯಿ ಉಳಿದಾಗ ಅಜ್ಜಿ ಅದನ್ನು ನನ್ನ ಕೈಯಲ್ಲಿಟ್ಟು, ನೀನು ಮುಚ್ಚು ಎಂದು ಸನ್ನೆ ಮಾಡಿದರು. ನನ್ನ ಸೂಜಿಯಲ್ಲಿ ಆಗ ಯಾರದೋ ಬ್ಲೌಸಿನ ಹಸಿರು ದಾರ ಇತ್ತು. ಬದಲಾಯಿಸಲು ಹೊರಟೆ. ಬೇಡ, ಅದೇ ಇರಲಿ ಎಂದರು. ಹಾಗೆಯೇ ಹೊಲಿದೆ. ಅಜ್ಜಿ 2009ರಲ್ಲಿ ತೀರಿಕೊಂಡರು. ಅವರ ಉಂಗುರ ನನ್ನ ಮೆಷಿನಿನ ಡ್ರಾಯರಿನಲ್ಲಿ ಇದೆ. ಹೋಗುವಾಗ ಬಿಟ್ಟು ಹೋದದ್ದು.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ. ಪ್ರದರ್ಶನದಲ್ಲಿ ಈ ಚೀಲಗಳ ಎದುರು ಇದ್ದ ಚೀಟಿಯಲ್ಲಿ ಎರಡೇ ಶಬ್ದ, "ವಿದೇಶಿ ಆಟಿಕೆ". ಆಟಿಕೆ ಎಂದು ಬರೆದರೆ ಮಗು ಕೈ ಹಾಕದೆ ಇರುತ್ತದಾ? ನಾನು ಯಾವ ಮಗುವನ್ನೂ ದೂರುವುದಿಲ್ಲ. ಬಣ್ಣ ಚೆಂದ ಇದೆ, ಮುಟ್ಟಿದರೆ ಹಿತವಾಗಿದೆ, ಅಲುಗಿಸಿದರೆ ಸರಸರ ಸದ್ದು ಮಾಡುತ್ತದೆ. ನಾನು ಏಳು ವರ್ಷದವಳಾಗಿದ್ದರೆ ನನಗೂ ಬೇಕು ಅನಿಸುತ್ತಿತ್ತು. ಅಲ್ಲಿ ಹತ್ತು ಸಾಲು ಬರೆದಿದ್ದರೆ, ಇಂಥದೇ ಚೀಲದ ಕಾಳನ್ನು ಹೊದಿಕೆಯೊಳಗೆ ಅಡಗಿಸಿ ತಿಂದ ನಿನ್ನ ವಯಸ್ಸಿನ ಹುಡುಗಿಯೊಬ್ಬಳು ಇದ್ದಳು ಎಂದು ಬರೆದಿದ್ದರೆ, ಅದೇ ಮಗು ಅದನ್ನು ಕಾವಲು ಕಾಯುತ್ತಿತ್ತು. ಅಷ್ಟು ನಂಬಿಕೆ ನನಗೆ ಮಕ್ಕಳ ಮೇಲೆ ಇದೆ.

ಜಪಾನಕ್ಕನ ಚೀಲಕ್ಕೆ ಮಾತ್ರ ಹೀಗಾದದ್ದಲ್ಲ. ಅದೇ ಮೇಜಿನ ಮೇಲೆ ಒಂದು ತಗಡಿನ ಟ್ರಂಕು ಇತ್ತು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬೊಂಬಾಯಿ ವಿಳಾಸ. ಚೀಟಿಯಲ್ಲಿ "ಹಳೆಯ ಪೆಟ್ಟಿಗೆ" ಅಂತ. ಪಕ್ಕದಲ್ಲಿ ಗಲ್ಫ್‌ನಿಂದ ಬಂದ ಟೇಪ್ ರೆಕಾರ್ಡರ್. ಅದಕ್ಕೆ "ಟೇಪ್ ರೆಕಾರ್ಡರ್" ಅಂತ! ಅದು ಟೇಪ್ ರೆಕಾರ್ಡರ್ ಅಂತ ನಮಗೆ ಕಾಣುವುದಿಲ್ಲವೇ? ಅದರಲ್ಲಿ ಯಾರ ಧ್ವನಿ ತುಂಬಿ ಯಾರಿಗೆ ಕಳಿಸುತ್ತಿದ್ದರು, ಕ್ಯಾಸೆಟ್ ಬಂದ ದಿನ ಮನೆಯಲ್ಲಿ ಯಾರೆಲ್ಲ ಸುತ್ತ ಕೂತು ಕೇಳುತ್ತಿದ್ದರು, ಅದು ಬೇಕಿತ್ತು. ನಮ್ಮ ಕರಾವಳಿಯಲ್ಲಿ ಹೊರಗೆ ಹೋದವರಿಲ್ಲದ ಮನೆ ಎಷ್ಟಿದೆ? ಬೊಂಬಾಯಿಗೆ, ಕೊಲಂಬೊಗೆ, ಬಹರೈನಿಗೆ, ದುಬೈಗೆ ಹೋದರು. ಹೋಗುವವರ ಮನಸ್ಸು ನಮಗೆ ಗೊತ್ತು. ಹಾಗಿರುವಾಗ ನಮ್ಮಲ್ಲಿಗೆ ಬಂದು ನಿಂತವರ ವಸ್ತುವನ್ನು ನಾವೇ "ವಿದೇಶಿ" ಎಂದು ಒಂದು ಶಬ್ದದಲ್ಲಿ ಮುಗಿಸುವುದು ನನಗೆ ಸರಿ ಕಾಣಲಿಲ್ಲ. 44 ವರ್ಷ ಇಲ್ಲಿ ಗಂಜಿ ಉಂಡವರು ಅವರು.

ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಹಸ್ತಶಿಲ್ಪ ಎಂಬ ಹಳೆ ಮನೆಗಳ ಗ್ರಾಮ ಕಟ್ಟುವಾಗ ಕೆಡವಲು ಹೊರಟ ಮನೆಗಳನ್ನೇ ಬಿಚ್ಚಿ ತಂದು, ತೊಲೆಗೆ ತೊಲೆ ಕೂಡಿಸಿ ಮತ್ತೆ ನಿಲ್ಲಿಸಿದರು. ಬ್ಯಾಂಕಿನ ಕೆಲಸದಲ್ಲಿದ್ದ ಒಬ್ಬ ಮನುಷ್ಯ ಅಷ್ಟು ಮಾಡಿದ ಊರು ಇದು. ಶಾಲೆಯವರಿಗೆ ನನ್ನ ಕೋರಿಕೆ ಅಷ್ಟು ದೊಡ್ಡದಲ್ಲ. ವಸ್ತು ತರಲು ಮಕ್ಕಳನ್ನು ಕಳಿಸುವಾಗ ಒಂದು ನೋಟ್‌ಬುಕ್ ಕೂಡ ಕೊಟ್ಟು ಕಳಿಸಿ. ಕೊಡುವವರ ಎದುರು ಅರ್ಧ ಗಂಟೆ ಕೂತು ಕೇಳಲಿ. ಯಾರದು, ಎಲ್ಲಿಂದ ಬಂತು, ಯಾಕೆ ಇಟ್ಟುಕೊಂಡಿದ್ದೀರಿ ಎಂದು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಅದನ್ನೇ ವಸ್ತುವಿನ ಪಕ್ಕ ಇಡಿ. ವಾಪಸು ಕೊಡುವಾಗ ಎಣಿಸಿ ಕೊಡಿ.

ಏಪ್ರಿಲ್‌ನಲ್ಲಿ ಜಪಾನಕ್ಕನ ಮೊಮ್ಮಗಳು ರಜೆಗೆ ಬೆಂಗಳೂರಿನಿಂದ ಬರುತ್ತಾಳೆ. ಅವಳಿಗೆ ಈಗ ಏಳು ತುಂಬುತ್ತದೆ. ಅವಳ ಅಜ್ಜಿಗೆ ಆ ಚೀಲಗಳು ಸಿಕ್ಕಿದ್ದೂ ಏಳು ವರ್ಷಕ್ಕೇ. ಈ ಸಲ ಐದನ್ನೂ ಅವಳ ಕೈಗೆ ಕೊಡಬೇಕೆಂದು ಡಬ್ಬಿಗೆ ಹೊಸ ಬಟ್ಟೆ ಹಾಸಿ ಇಟ್ಟಿದ್ದರು. ಬೇರೊಂದು ಕೆಂಪು ಚೀಲ ಹೊಲಿದು ಕೊಡುತ್ತೇನೆ ಎಂದು ನಾನು ಹೇಳಿದೆ. ಆಗಲಿ ಎಂದರು. ಆದರೆ ಬಟ್ಟೆ ಆರಿಸಲು ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಆದ್ದರಿಂದ ಈ ಪತ್ರ ಓದುವ ತಂದೆ-ತಾಯಿಯರೇ, ಒಮ್ಮೆ ಮಕ್ಕಳ ಶಾಲೆಯ ಚೀಲ, ಆಟದ ಬುಟ್ಟಿ, ಮಂಚದ ಅಡಿ ನೋಡಿ. ಗುರುತು ಹೇಳುತ್ತೇನೆ. ನಾಲ್ಕು ಪಟ್ಟಿ ಕೂಡಿಸಿ ಹೊಲಿದ ಪುಟ್ಟ ದಿಂಬಿನಂಥ ಚೀಲ. ಎರಡು ಪಟ್ಟಿ ಕೆಂಪು, ಅದರ ಮೇಲೆ ಬಿಳಿ ಐದು ಎಸಳಿನ ಹೂ. ಇನ್ನೆರಡು ಪಟ್ಟಿ ಕಡು ನೀಲಿ. ತೂಕ ಸುಮಾರು 40 ಗ್ರಾಂ. ಬಟ್ಟೆ ನುಣುಪಾಗಿಲ್ಲ, ಬೆರಳಿನಲ್ಲಿ ಸವರಿದರೆ ಮರಳಿನ ಮೇಲೆ ಸವರಿದ ಹಾಗೆ ಸಣ್ಣ ಸುಕ್ಕು ಸಿಗುತ್ತದೆ. ಒಂದು ಮೂಲೆಯಲ್ಲಿ, ಒಂದಿಂಚಿನಷ್ಟು, ಹಸಿರು ದಾರದ ಹೊಲಿಗೆ ಇದೆ. ಉಳಿದ ಹೊಲಿಗೆಗಿಂತ ಅದು ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಅದು ನನ್ನದು.

ಸಿಕ್ಕಿದರೆ ಆ ಶಾಲೆಯ ಆಫೀಸಿನಲ್ಲಿ ಕೊಡಿ. ಸಂಪಾದಕರು ಒಪ್ಪಿದರೆ ಪತ್ರಿಕೆಯ ಉಡುಪಿ ಕಚೇರಿಯಲ್ಲಿ ಲಕೋಟೆಗೆ ಹಾಕಿ ಕೊಟ್ಟರೂ ಆಗುತ್ತದೆ. ಹೆಸರು ಹೇಳಬೇಕಾಗಿಲ್ಲ, ಯಾರೂ ಏನೂ ಕೇಳುವುದಿಲ್ಲ. ಮಗುವಿಗೆ ಬೈಯಬೇಡಿ. ಆ ಮಗು ಬಂದರೆ ಅದಕ್ಕೂ ಐದು ಚೀಲ ನಾನು ಹೊಲಿದು ಕೊಡುತ್ತೇನೆ, ಬೇಕಾದ ಬಣ್ಣದಲ್ಲಿ.

ಇನ್ನೊಂದು ಮಾತು. ಅದು ಚಿರಿಮೆನ್ ಎಂಬ ರೇಷ್ಮೆ. ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯ್ದು, ಆಮೇಲೆ ಕುದಿಸಿ ಸುಕ್ಕು ಬರಿಸಿದ್ದು. ನೀರು ತಾಗಿದರೆ ಮುದುಡಿ ಹೋಗುತ್ತದೆ, ಒಳಗಿನ ಕಾಳೂ ಮೊಳಕೆ ಬರದೆ ಕೊಳೆಯುತ್ತದೆ. ಆಟ ಆಡಿ ಮಣ್ಣಾಗಿರಬಹುದು. ಮಣ್ಣಾಗಿದ್ದರೂ ದಯವಿಟ್ಟು ತೊಳೆಯಬೇಡಿ, ಇದ್ದ ಹಾಗೆಯೇ ಕೊಡಿ.

ಇತಿ,
ಕುಂಜಿಬೆಟ್ಟಿನ ಒಬ್ಬ ಟೈಲರ್
ಉಡುಪಿ